ಕಡಿಮೆ ಕಾಸಿನ ಎಲೆಕ್ಟ್ರಿಕ್ ಗಿಟಾರು: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಎಲೆಕ್ಟ್ರಿಕ್ ಗಿಟಾರು ಕೊಳ್ಳಲು ಹೊರಟವರಿಗೆ ಅಂಗಡಿ ಮುಟ್ಟುವ ಮೊದಲೇ ಎರಡು ಉಪದೇಶ ಸಿಕ್ಕಿರುತ್ತವೆ. ‘ಕಲಿಯೋಕೆ ಯಾವುದಾದರೇನು, ಅಗ್ಗದ್ದು ತಗೋ’ ಎಂಬುದು ಒಂದು. ‘ಅಗ್ಗದ್ದು ತಗೊಂಡರೆ ಆರು ತಿಂಗಳಿಗೆ ಅಟ್ಟ ಸೇರುತ್ತೆ, ಕಾದು ಒಳ್ಳೇದೇ ತಗೋ’ ಎಂಬುದು ಇನ್ನೊಂದು. ಎರಡರಲ್ಲೂ ಅನುಭವದ ತುಣುಕಿದೆ. ಆದರೆ ಗಿಟಾರಿನ ಬೆಲೆ ಏತಕ್ಕೆ ಏರುತ್ತದೆ, ಏತಕ್ಕೆ ಇಳಿಯುತ್ತದೆ ಎಂಬುದನ್ನು ಎರಡೂ ಬಿಡಿಸಿ ಹೇಳುವುದಿಲ್ಲ. ಇಪ್ಪತ್ತು ಸಾವಿರದ ಗಿಟಾರಿಗೂ ಎರಡು ಲಕ್ಷದ ಗಿಟಾರಿಗೂ ನಡುವೆ ಇರುವ ಅಂತರದಲ್ಲಿ ಎಷ್ಟು ಪಾಲು ನಾದದ್ದು, ಎಷ್ಟು ಪಾಲು ಕೈಕೆಲಸದ್ದು, ಎಷ್ಟು ಪಾಲು ಹೆಸರಿನದು ಎಂದು ತಿಳಿದವರು ಮಾತ್ರ ಕಡಿಮೆ ಹಣವನ್ನು ಸರಿಯಾದ ಕಡೆ ಖರ್ಚು ಮಾಡಬಲ್ಲರು. ಈ ವಾದ್ಯದ ಚರಿತ್ರೆ, ಕಾರ್ಖಾನೆ, ಮರ, ಮಾರುಕಟ್ಟೆ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ.

ನಾದ ಎಲ್ಲಿ ಹುಟ್ಟುತ್ತದೆ

ಸಾದಾ ಗಿಟಾರಿನಲ್ಲಿ ಮರದ ಪೆಟ್ಟಿಗೆಯೇ ದನಿಯನ್ನು ದೊಡ್ಡದು ಮಾಡುತ್ತದೆ. ಅಲ್ಲಿ ಮರ ಕೆಟ್ಟದ್ದಾದರೆ ನಾದವೂ ಕೆಟ್ಟಿತು. ಎಲೆಕ್ಟ್ರಿಕ್ ಗಿಟಾರಿನ ದಾರಿ ಬೇರೆ. ಉಕ್ಕಿನ ತಂತಿಗಳ ಕೆಳಗೆ ಪಿಕಪ್ ಎಂಬ ಪುಟ್ಟ ಸಾಧನವಿರುತ್ತದೆ. ಅದರೊಳಗೆ ಅಯಸ್ಕಾಂತ, ಸುತ್ತಲೂ ಸಾವಿರಾರು ಸುತ್ತು ತಾಮ್ರದ ಎಳೆ. ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ವವೇ ಇದು. ಹೀಗಾಗಿ ನಾದವನ್ನು ಮುಖ್ಯವಾಗಿ ನಿರ್ಧರಿಸುವುದು ತಂತಿ, ಪಿಕಪ್, ಆಂಪ್ ಮತ್ತು ನುಡಿಸುವ ಕೈ.

ಇದಕ್ಕೆ ಚರಿತ್ರೆಯೇ ಸಾಕ್ಷಿ. ಮಾರುಕಟ್ಟೆಯಲ್ಲಿ ಗೆದ್ದ ಮೊದಲ ಎಲೆಕ್ಟ್ರಿಕ್ ಗಿಟಾರು, 1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಮುಂದೆ ರಿಕನ್‌ಬ್ಯಾಕರ್ ಎಂದು ಹೆಸರಾದ ಸಂಸ್ಥೆಯಿಂದ ಬಂದದ್ದು, ಮರದ್ದೇ ಆಗಿರಲಿಲ್ಲ. ಅದು ಅಲ್ಯೂಮಿನಿಯಂ ಎರಕ. ಆಕಾರ ನೋಡಿ ಜನ ಅದನ್ನು ಬಾಣಲೆ ಎಂದೇ ಕರೆದರು. 1950ರ ದಶಕದಲ್ಲಿ ಅಮೆರಿಕದ ಡೇನ್‌ಎಲೆಕ್ಟ್ರೊ ಕಂಪನಿ ಮರದ ಚೌಕಟ್ಟಿನ ಮೇಲೆ ಹಾರ್ಡ್‌ಬೋರ್ಡ್ ಹಲಗೆ ಅಂಟಿಸಿ ಗಿಟಾರು ಮಾಡಿತು, ಲಿಪ್‌ಸ್ಟಿಕ್ಕಿನ ಲೋಹದ ಕೊಳವೆಗಳನ್ನು ಪಿಕಪ್ಪಿಗೆ ಹೊದಿಕೆಯಾಗಿ ಬಳಸಿತು. ಸಿಯರ್ಸ್ ಮಳಿಗೆಯ ಕ್ಯಾಟಲಾಗಿನಲ್ಲಿ ಬಡ ಮನೆಗಳ ಹುಡುಗರಿಗೆಂದು ಮಾರಿದ ವಾದ್ಯ ಅದು. ಮುಂದೆ ಲೆಡ್ ಝೆಪೆಲಿನ್ ತಂಡದ ಜಿಮ್ಮಿ ಪೇಜ್ ದೊಡ್ಡ ವೇದಿಕೆಗಳಲ್ಲಿ ಡೇನ್‌ಎಲೆಕ್ಟ್ರೊ ಗಿಟಾರನ್ನೇ ಹಿಡಿದು ನಿಂತರು.

ಇಂಗ್ಲೆಂಡಿನ ಕ್ವೀನ್ ತಂಡದ ಬ್ರಯಾನ್ ಮೇ ಅವರ ಕಥೆ ಇನ್ನೂ ಮುಂದಿನದು. ಅಮೆರಿಕದ ಫೆಂಡರ್ ಕಂಪನಿಯ ಗಿಟಾರು ಕೊಳ್ಳುವ ಶಕ್ತಿ ಮನೆಯಲ್ಲಿ ಇರಲಿಲ್ಲ. 1963ರಲ್ಲಿ ಈ ಹುಡುಗ ತಂದೆಯ ಜೊತೆ ಸೇರಿ ಗಿಟಾರನ್ನು ತಾನೇ ಮಾಡಲು ಕುಳಿತ. ಹಳೆಯ ಬೆಂಕಿಗೂಡಿನ ಮೇಲಿದ್ದ ಮರದ ತುಂಡು ನೆಕ್ ಆಯಿತು, ಹಳೆಯ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು ಸ್ವರವನ್ನು ಅಲುಗಿಸುವ ಟ್ರೆಮೊಲೊ ಆದವು, ಅಂಗಿಯ ಗುಂಡಿಗಳು ಫ್ರೆಟ್‌ಬೋರ್ಡಿನ ಗುರುತುಗಳಾದವು. ಕ್ವೀನ್ ತಂಡದ ಧ್ವನಿಮುದ್ರಿಕೆಗಳಲ್ಲಿ ಜಗತ್ತು ಕೇಳಿದ್ದು ಆ ಗಿಟಾರಿನ ದನಿಯನ್ನು. ಎಡ್ಡಿ ವ್ಯಾನ್ ಹೇಲನ್ ಕೂಡ ಕಾರ್ಖಾನೆ ಎರಡನೇ ದರ್ಜೆ ಎಂದು ಪಕ್ಕಕ್ಕಿಟ್ಟ ಬಾಡಿಯನ್ನು ಕಡಿಮೆ ಬೆಲೆಗೆ ಕೊಂಡು, ಬೇರೊಂದು ಗಿಟಾರಿನ ಪಿಕಪ್ ಕೂರಿಸಿ, 1978ರ ತಮ್ಮ ಮೊದಲ ಆಲ್ಬಮ್ಮಿನಿಂದ ರಾಕ್ ಗಿಟಾರಿನ ದಿಕ್ಕನ್ನೇ ತಿರುಗಿಸಿದರು.

ಇತ್ತೀಚೆಗೆ ಅಮೆರಿಕದ ನ್ಯಾಶ್‌ವಿಲ್‌ನ ಗಿಟಾರ್ ವಾದಕ ಜಿಮ್ ಲಿಲ್ ಈ ಚರ್ಚೆಯನ್ನು ಪ್ರಯೋಗಕ್ಕೇ ಇಳಿಸಿದರು. ಎರಡು ಮೇಜುಗಳ ನಡುವೆ ತಂತಿ ಬಿಗಿದು, ಬಾಡಿಯೇ ಇಲ್ಲದೆ, ಅದೇ ಪಿಕಪ್ಪನ್ನು ಅದೇ ದೂರದಲ್ಲಿಟ್ಟು ನುಡಿಸಿದಾಗ ಕೇಳಿದ್ದು ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಮಾದರಿಯ ಗಿಟಾರಿನ ದನಿಯನ್ನೇ ಹೋಲುತ್ತಿತ್ತು. ಮರ ಯಾವ ವ್ಯತ್ಯಾಸವನ್ನೂ ಮಾಡುವುದೇ ಇಲ್ಲ ಎಂದು ವಾದಿಸಬೇಕಿಲ್ಲ. ತೂಕ, ಸ್ಥಿರತೆ, ಕೈಗೆ ಸಿಗುವ ಕಂಪನ ಇವೆಲ್ಲ ಮರದಿಂದಲೇ ಬರುತ್ತವೆ. ಆದರೆ ಕಡಿಮೆ ಬಜೆಟ್ಟಿನವರು ಬಾಡಿಯ ಮರಕ್ಕೆಂದು ಹೆಚ್ಚು ಹಣ ತೆರುವ ಅಗತ್ಯವಿಲ್ಲ. ಪಾಪ್ಲರ್ ಆದರೂ ಸರಿ, ಬಾಸ್‌ವುಡ್ ಆದರೂ ಸರಿ.

ಅಗ್ಗದ ಗಿಟಾರಿನ ವಲಸೆ

ಫೆಂಡರ್ ಕಂಪನಿ ಕಟ್ಟಿದ ಲಿಯೊ ಫೆಂಡರ್ ಮೂಲತಃ ರೇಡಿಯೊ ರಿಪೇರಿ ಅಂಗಡಿಯವರು. ವಾದ್ಯ ತಯಾರಕರ ಮನೆತನದಿಂದ ಬಂದವರಲ್ಲ. ಅದರಿಂದಲೇ ಇರಬೇಕು, ನೆಕ್ಕನ್ನು ಬಾಡಿಗೆ ಅಂಟಿಸುವ ಬದಲು ನಾಲ್ಕು ಸ್ಕ್ರೂಗಳಿಂದ ಬಿಗಿದರೆ ಸಾಕು ಎಂಬುದು ಅವರಿಗೆ ಸಹಜವಾಗಿ ಹೊಳೆಯಿತು. 1950ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್‌ನಲ್ಲಿ ಹೀಗೆ ತಯಾರಾದ ಗಿಟಾರೇ ಮುಂದೆ ಟೆಲಿಕಾಸ್ಟರ್ ಎಂದು ಹೆಸರಾಯಿತು. ಭಾಗಗಳನ್ನು ಬೇರೆ ಬೇರೆ ಮಾಡಿ ಕೊನೆಗೆ ಜೋಡಿಸುವ ಈ ವಿಧಾನವೇ ಅಗ್ಗದ ಗಿಟಾರಿನ ತಾಯಿಬೇರು. ಹಾಗಿದ್ದರೂ ಅದು ಆ ಕಾಲಕ್ಕೆ ಅಗ್ಗವಾಗಿರಲಿಲ್ಲ. 1954ರಲ್ಲಿ ಫೆಂಡರಿನದೇ ಇನ್ನೊಂದು ಮಾದರಿಯಾದ ಸ್ಟ್ರಾಟೊಕಾಸ್ಟರಿನ ಬೆಲೆ ಟ್ರೆಮೊಲೊ ಸಮೇತ 249 ಡಾಲರ್ 50 ಸೆಂಟ್. ಹಣದುಬ್ಬರ ಸೇರಿಸಿ ನೋಡಿದರೆ ಇಂದಿಗೆ ಎರಡೂವರೆ ಸಾವಿರ ಡಾಲರ್ ದಾಟುತ್ತದೆ.

ಬೆಲೆ ಇಳಿದದ್ದು ತಯಾರಿಕೆ ಊರು ಬದಲಿಸಿದಾಗಲೆಲ್ಲ. 1960ರ ದಶಕದಲ್ಲಿ ಜಪಾನಿನ ಟೀಸ್ಕೊ, ಗುಯಾಟೋನ್ ಗಿಟಾರುಗಳು ಅಮೆರಿಕದ ಮಳಿಗೆಗಳಿಗೆ ನುಗ್ಗಿದವು. ಮೊದಮೊದಲು ನಗೆಪಾಟಲಿಗೀಡಾದ ಆ ದೇಶದ ಕೆಲಸ ಹತ್ತೇ ವರ್ಷದಲ್ಲಿ ಎಷ್ಟು ಸುಧಾರಿಸಿತೆಂದರೆ, 1977ರಲ್ಲಿ ಅಮೆರಿಕದ ಗಿಬ್ಸನ್ ಗಿಟಾರ್ ಕಂಪನಿಯ ಒಡೆತನ ಹೊಂದಿದ್ದ ನಾರ್ಲಿನ್ ಕಂಪನಿ ಜಪಾನಿನ ಐಬನೆಜ್ ಗಿಟಾರುಗಳ ಅಲ್ಲಿನ ವಿತರಕರ ಮೇಲೆ ನಕಲಿನ ಮೊಕದ್ದಮೆ ಹೂಡಿತು. ಗಿಟಾರಿನ ತಲೆಯ ಭಾಗದ ಆಕಾರವೇ ತಕರಾರು. ಮರುವರ್ಷ ರಾಜಿಯಾಯಿತು. ಅತ್ತ ಫೆಂಡರ್ ಕಂಪನಿಯನ್ನು 1965ರಲ್ಲಿ ಸಿಬಿಎಸ್ ಕೊಂಡ ಮೇಲೆ ಅಮೆರಿಕದ ಗಿಟಾರಿನ ಗುಣಮಟ್ಟ ಕುಸಿಯಿತೆಂಬ ದೂರು ಬೆಳೆಯುತ್ತ ಹೋಯಿತು. ಕೊನೆಗೆ ಫೆಂಡರೇ 1982ರಲ್ಲಿ ಜಪಾನಿನ ಮಾತ್ಸುಮೊಟೊ ಊರಿನ ಫುಜಿಜೆನ್ ಕಾರ್ಖಾನೆಯಲ್ಲಿ ತನ್ನ ಗಿಟಾರುಗಳನ್ನು ಮಾಡಿಸತೊಡಗಿತು. ಸ್ಕ್ವಯರ್ ಎಂಬ ಹೆಸರು ಗಿಟಾರಿಗೆ ಬಂದದ್ದು ಆಗ. ಅದಕ್ಕೆ ಮೊದಲು ಅದು ಫೆಂಡರ್ ಕೊಂಡಿದ್ದ ಒಂದು ತಂತಿ ಕಂಪನಿಯ ಹೆಸರು. ಆ ಮೊದಲ ವರ್ಷಗಳ ಜಪಾನಿ ಸ್ಕ್ವಯರುಗಳನ್ನು ಇವತ್ತು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ.

1985ರ ಪ್ಲಾಜಾ ಒಪ್ಪಂದದ ನಂತರ ಯೆನ್ ದುಬಾರಿಯಾಯಿತು, ಕೆಲಸ ಕೊರಿಯಾಕ್ಕೆ ಸರಿಯಿತು. ಸ್ಯಾಮಿಕ್, ಕೊರ್ಟ್ ಕಂಪನಿಗಳು ಹತ್ತಾರು ಬ್ರ್ಯಾಂಡುಗಳಿಗೆ ಗಿಟಾರು ಮಾಡಿಕೊಟ್ಟವು. ಕೊರಿಯಾದಲ್ಲಿ ಕೂಲಿ ಏರಿದಾಗ ಮತ್ತೆ ಇಂಡೊನೇಷ್ಯಾ, ಚೀನಾ. ಈಗ ನಮ್ಮ ಅಂಗಡಿಗಳಲ್ಲಿ ಬೇರೆ ಬೇರೆ ಹೆಸರು ಹೊತ್ತು ನೇತಾಡುವ ಎಷ್ಟೋ ಗಿಟಾರುಗಳು ಈ ಎರಡು ದೇಶಗಳ ಕೆಲವೇ ದೊಡ್ಡ ಕಾರ್ಖಾನೆಗಳಲ್ಲಿ ಹುಟ್ಟಿದವು. ಜೊತೆಗೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ಯಂತ್ರ ಬಂತು. ನೆಕ್ ಕೂರುವ ಗುಂಡಿ, ಫ್ರೆಟ್‌ನ ಸೀಳು, ಬ್ರಿಡ್ಜಿನ ಸ್ಥಾನ ಇವು ಹಿಂದೆ ಕೆಲಸಗಾರನ ಕಣ್ಣಳತೆಗೆ ಬಿಟ್ಟ ವಿಷಯಗಳಾಗಿದ್ದವು. ಈಗ ಅಗ್ಗದ ಗಿಟಾರಿನಲ್ಲೂ ಅವು ಕರಾರುವಾಕ್ಕು. ಮೂವತ್ತು ವರ್ಷದ ಹಿಂದಿನ ಅಗ್ಗದ ಗಿಟಾರಿಗೂ ಇಂದಿನದಕ್ಕೂ ಇರುವ ವ್ಯತ್ಯಾಸ ಹೆಚ್ಚಾಗಿ ಈ ಯಂತ್ರದ ಕೊಡುಗೆ.

ಈ ಅಗ್ಗದ ಬೆಲೆಯನ್ನು ಬೇರೆ ಯಾರೋ ತೆತ್ತಿದ್ದಾರೆ ಎಂಬುದನ್ನೂ ಹೇಳಬೇಕು. 2007ರಲ್ಲಿ ಕೊರ್ಟ್ ಕಂಪನಿ ಕೊರಿಯಾದ ಕಾರ್ಖಾನೆಗಳಲ್ಲಿ ಕೆಲಸಗಾರರನ್ನು ತೆಗೆದುಹಾಕಿ ಬಾಗಿಲು ಮುಚ್ಚಿತು. ಅಲ್ಲಿ ಗಿಟಾರು ಮಾಡುತ್ತಿದ್ದವರು ಬೀದಿಗಿಳಿದರು. ರೇಜ್ ಅಗೇನ್‌ಸ್ಟ್ ದ ಮಷೀನ್ ತಂಡದ ಟಾಮ್ ಮೊರೆಲ್ಲೊ ಅವರಂಥ ಗಿಟಾರ್ ವಾದಕರು ಬೆಂಬಲಿಸಿದರು. ಹನ್ನೆರಡು ವರ್ಷ ಎಳೆದ ಹೋರಾಟ ಒಪ್ಪಂದದಲ್ಲಿ ಮುಗಿದದ್ದು 2019ರ ಏಪ್ರಿಲ್‌ನಲ್ಲಿ.

ಬೀಟೆ ಹೋಗಿ ಮತ್ತಿ ಬಂತು

ಗಿಟಾರಿನ ಈ ಜಾಗತಿಕ ಕಥೆಯಲ್ಲಿ ನಮ್ಮ ಕಾಡಿಗೂ ಒಂದು ಪಾತ್ರವಿದೆ. ಫ್ರೆಟ್‌ಬೋರ್ಡಿಗೆ ಬಳಸುವ ರೋಸ್‌ವುಡ್ ಎಂದರೆ ಪಶ್ಚಿಮ ಘಟ್ಟದ ಬೀಟೆಮರವೂ ಹೌದು. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಪ್ರಸಿದ್ಧ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಹೊರಳಿತು. ಆ ಮೇಲೆ ಜಗತ್ತಿನ ಅಸಂಖ್ಯ ಗಿಟಾರುಗಳಲ್ಲಿ ದಕ್ಷಿಣ ಭಾರತದ ಬೀಟೆ ಸೇರಿತು.

2017ರ ಜನವರಿಯಲ್ಲಿ ಅಪಾಯದಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ ರೋಸ್‌ವುಡ್ ಕುಲದ ಮರಗಳಿಗೆಲ್ಲ ಪರವಾನಗಿಯ ಕಟ್ಟು ಹಾಕಿತು. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ಸಿಕ್ಕಿತಾದರೂ, ಅಷ್ಟರೊಳಗೆ ಕಡಿಮೆ ಬೆಲೆಯ ಗಿಟಾರು ಮಾಡುವವರು ಬೇರೆ ಮರ ಹುಡುಕಿಕೊಂಡಿದ್ದರು. ಇಂದು ಸ್ಕ್ವಯರ್ ಗಿಟಾರುಗಳ ವಿವರಪಟ್ಟಿಯಲ್ಲಿ ಇಂಡಿಯನ್ ಲಾರೆಲ್ ಎಂದು ಕಾಣುವುದು ಮಲೆನಾಡಿನವರಿಗೆ ಪರಿಚಿತವಾದ ಮತ್ತಿಯ ಜಾತಿಯ ಮರ. ಬಣ್ಣ ಬೀಟೆಗಿಂತ ತುಸು ಪೇಲವ, ಗಡಸುತನಕ್ಕೆ ಕೊರತೆಯಿಲ್ಲ. ‘ರೋಸ್‌ವುಡ್ ಅಲ್ವಲ್ಲ’ ಎಂದು ಅಂಗಡಿಯಲ್ಲಿ ಮೂಗು ಮುರಿಯುವವರಿಗೆ ಇಷ್ಟು ಹೇಳಿದರೆ ಸಾಕು: ಬೆರಳಿಗೆ ಅದು ತಿಳಿಯುವುದೇ ಅಪರೂಪ.

ಕಂಪನಿ ಎಲ್ಲಿ ಉಳಿಸುತ್ತದೆ

ಹಾಗಾದರೆ ಅಗ್ಗದ ಗಿಟಾರಿನಲ್ಲಿ ಕಡಿಮೆಯಾದದ್ದು ಏನು? ಮೊದಲನೆಯದು ಲೋಹ. ಬಿರಡೆಗಳು ಮೆತ್ತನೆಯ ಮಿಶ್ರಲೋಹದವು, ತಿರುಗಿಸಿದಾಗ ಸಡಿಲ. ಬ್ರಿಡ್ಜಿನ ಅಡಿಯ ತುಂಡು ಹಗುರವಾದ ಸತುವಿನದು. ಎರಡನೆಯದು ಒಳಗಿನ ವೈರಿಂಗ್. ದನಿ ಹೆಚ್ಚು ಕಡಿಮೆ ಮಾಡುವ ಪಾಟ್‌ಗಳು ಪುಟ್ಟವು, ಸ್ವಿಚ್ಚು ಸಾಧಾರಣ, ಒಂದೆರಡು ವರ್ಷಕ್ಕೆ ಕರಕರ ಶುರು. ಮೂರನೆಯದು ಪಿಕಪ್. ದುಬಾರಿ ಪಿಕಪ್ಪಿನಲ್ಲಿ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಆಲ್ನಿಕೊ ಕಡ್ಡಿಗಳೇ ಅಯಸ್ಕಾಂತ. ಅಗ್ಗದ್ದರಲ್ಲಿ ಉಕ್ಕಿನ ಕಡ್ಡಿ ಇಟ್ಟು ಅಡಿಯಲ್ಲಿ ಸಿರಾಮಿಕ್ ಅಯಸ್ಕಾಂತದ ಪಟ್ಟಿ ಅಂಟಿಸಿರುತ್ತಾರೆ. ದನಿ ಸ್ವಲ್ಪ ಒರಟು, ಆದರೆ ಡಿಸ್ಟಾರ್ಷನ್ ಹಾಕಿ ನುಡಿಸುವವರಿಗೆ ಅದು ಹಿಡಿಸುವುದೂ ಉಂಟು.

ಈ ಮೂರನ್ನೂ ಯಾವಾಗ ಬೇಕಾದರೂ ಬದಲಿಸಬಹುದು. ಸ್ಟ್ರಾಟೊಕಾಸ್ಟರ್ (ಸ್ಟ್ರಾಟ್), ಟೆಲಿಕಾಸ್ಟರ್ (ಟೆಲಿ) ಮಾದರಿಗಳಿಗೆ ಬಿಡಿಭಾಗ ಎಲ್ಲ ಬೆಲೆಯಲ್ಲೂ ಸಿಗುತ್ತವೆ. ನಾಲ್ಕನೆಯದು ನಿಜವಾದ ಉಳಿತಾಯ, ಮತ್ತು ಆಟವನ್ನೇ ಕೆಡಿಸುವುದು: ಕೊನೆಯ ಒಂದೆರಡು ಗಂಟೆಯ ಕೈಕೆಲಸ. ಫ್ರೆಟ್‌ಗಳ ತುದಿ ಉಜ್ಜಿ ನಯ ಮಾಡುವುದು, ಅವುಗಳ ಎತ್ತರ ಸಮ ಮಾಡುವುದು, ತಂತಿ ಕೂರುವ ನಟ್‌ನ ಕಚ್ಚುಗಳನ್ನು ಸರಿಯಾದ ಆಳಕ್ಕೆ ಅರೆಯುವುದು, ನೆಕ್ಕಿನೊಳಗಿನ ಟ್ರಸ್ ರಾಡ್ ಎಂಬ ಸರಳನ್ನು ತಿರುಗಿಸಿ ಅದರ ಬಾಗು ತಿದ್ದುವುದು. ಇವಕ್ಕೆ ಯಂತ್ರ ಸಾಲದು, ಪಳಗಿದ ಕೈ ಬೇಕು. ಅಗ್ಗದ ಗಿಟಾರಿಗೆ ಆ ಹೊತ್ತು ಸಿಕ್ಕಿರುವುದಿಲ್ಲ. ನಟ್‌ನ ಕಚ್ಚು ಆಳ ಸಾಲದೆ ಇದ್ದರೆ ಮೊದಲ ಫ್ರೆಟ್ಟಿನಲ್ಲಿ ಒತ್ತಿದ ಸ್ವರ ಏರುತ್ತದೆ. ಕಲಿಯುವವರು ಬೆರಳು ನೋಯಿಸಿಕೊಂಡು ‘ನನಗೆ ಬರಲ್ಲ’ ಎಂದು ಕೈ ಬಿಡುತ್ತಾರೆ. ಅಟ್ಟ ಸೇರಿದ ಗಿಟಾರುಗಳಲ್ಲಿ ಎಷ್ಟೋ ಈ ಅರೆಕೆಲಸಕ್ಕೆ ಬಲಿಯಾದವು.

ವೀಣೆ ಇರುವ ಮನೆಯವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಎಷ್ಟು ಒಳ್ಳೆಯ ಹಲಸಿನ ವೀಣೆಯಾದರೂ ಮೇಣದ ಮೇಲೆ ಮೆಟ್ಟಿಲುಗಳನ್ನು ಕೂರಿಸಿ ಮೇಳ ಕಟ್ಟದಿದ್ದರೆ ಶ್ರುತಿ ನಿಲ್ಲದು, ಕೆಲವು ವರ್ಷಕ್ಕೊಮ್ಮೆ ಮತ್ತೆ ಕಟ್ಟಿಸಲೇಬೇಕು. ಗಿಟಾರಿನವರು ಸೆಟಪ್ ಎನ್ನುವುದು ಇದೇ ಜಾತಿಯ ಕೆಲಸ. ಬೆಂಗಳೂರಿನಲ್ಲಿ ಬ್ಯಾಂಡುಗಳ ಸಂಸ್ಕೃತಿ ದಶಕಗಳಿಂದ ಇರುವುದರಿಂದ ಇದನ್ನು ಬಲ್ಲವರು ಸಿಗುತ್ತಾರೆ. ಸಾಮಾನ್ಯ ಸೆಟಪ್ಪಿಗೆ ಒಂದೆರಡು ಸಾವಿರ ರೂಪಾಯಿ ಎತ್ತಿಟ್ಟರೆ ಸಾಕು. ಇಪ್ಪತ್ತು ಸಾವಿರದ ಗಿಟಾರಿಗೆ ಎರಡು ಸಾವಿರದ ಸೆಟಪ್ ಕೊಡುವಷ್ಟು ಸುಖವನ್ನು, ಅದೇ ಎರಡು ಸಾವಿರ ಹೆಚ್ಚು ಬೆಲೆಯ ಮಾದರಿ ಕೊಡಲಾರದು.

ನಮ್ಮ ಮಾರುಕಟ್ಟೆಯ ಮೆಟ್ಟಿಲುಗಳು

ಆಮದು ಸುಲಭವಿಲ್ಲದ ಕಾಲದಲ್ಲಿ ಭಾರತದ ಹುಡುಗರಿಗೆ ಗಿಟಾರೆಂದರೆ ಕೋಲ್ಕತ್ತದ ಗಿವ್‌ಸನ್, ಹೋಬ್ನರ್‌ನಂಥ ಹೆಸರುಗಳು. ಕೇಳಿದೊಡನೆ ವಿದೇಶದ ದೊಡ್ಡ ಕಂಪನಿಗಳು ನೆನಪಾಗುವಂತೆ ಇಟ್ಟ ಹೆಸರುಗಳು ಅವು. ಇವತ್ತು ಆಯ್ಕೆ ವಿಪರೀತ. ಮುಂದೆ ಹೇಳುವ ಬೆಲೆಗಳೆಲ್ಲ ಅಂದಾಜು. ರೂಪಾಯಿ, ಸುಂಕ, ಹಬ್ಬದ ರಿಯಾಯಿತಿ ಸೇರಿ ಏರಿಳಿಯುತ್ತಿರುತ್ತವೆ.

ಹತ್ತು ಸಾವಿರದೊಳಗಿನ ಮೆಟ್ಟಿಲಲ್ಲಿ ಸಿಗುವುದು ಹೆಚ್ಚಾಗಿ ಚೀನಾದಲ್ಲಿ ಮಾಡಿಸಿ ಇಲ್ಲಿ ಹೆಸರು ಹಾಕಿದ ಗಿಟಾರುಗಳು, ಕೆಲವು ಸಲ ಆಂಪ್, ಬ್ಯಾಗು, ಬೆಲ್ಟು ಎಲ್ಲ ಸೇರಿದ ಕಿಟ್. ಒಂದೇ ಮಾದರಿಯ ಎರಡು ಗಿಟಾರುಗಳ ನಡುವೆಯೂ ಇಲ್ಲಿ ವ್ಯತ್ಯಾಸ ದೊಡ್ಡದು. ಕೈಯಲ್ಲಿ ಹಿಡಿದು ನೋಡಿ ಆರಿಸಿದರೆ ಒಳ್ಳೆಯದು ಸಿಕ್ಕೀತು, ಪೆಟ್ಟಿಗೆ ತೆರೆಯದೆ ಕೊಂಡರೆ ಅದೃಷ್ಟ. ಕಿಟ್ಟಿನ ಆಂಪ್ ಮಾತ್ರ ಲೆಕ್ಕಕ್ಕೆ ಇಡಬೇಡಿ.

ಹದಿನೈದರಿಂದ ಇಪ್ಪತ್ತೈದು ಸಾವಿರದ ಮೆಟ್ಟಿಲು ಕಡಿಮೆ ಬಜೆಟ್ಟಿನ ನಿಜವಾದ ಅಂಗಳ. ಯಮಾಹಾ ಪೆಸಿಫಿಕಾ 012, ಸ್ಕ್ವಯರ್ ಸಾನಿಕ್, ಐಬನೆಜ್ ಜಿಯೊ, ಕೊರ್ಟ್‌ನ ಕೆಳಗಿನ ಮಾದರಿಗಳು, ಜ್ಯಾಕ್ಸನ್ ಜೆಎಸ್ ಸಾಲು ಇಲ್ಲಿ ಬರುತ್ತವೆ. ಸಾನಿಕ್ 2023ರಲ್ಲಿ ಹಳೆಯ ಬುಲೆಟ್ ಸಾಲಿನ ಜಾಗಕ್ಕೆ ಬಂದದ್ದು. ಪೆಸಿಫಿಕಾ 1990ರಿಂದ ಇದೆ. ಅಬ್ಬರವಿಲ್ಲದ ಗಿಟಾರು, ಆದರೆ ಒಂದರಂತೆ ಇನ್ನೊಂದು ಇರುವುದೇ ಅದರ ಗುಣ. ಆನ್‌ಲೈನಿನಲ್ಲಿ ನೋಡದೆ ಕೊಳ್ಳುವ ಪರಿಸ್ಥಿತಿ ಇದ್ದರೆ ಈ ಗುಣಕ್ಕೆ ಬೆಲೆ ಕಟ್ಟಬೇಕು. ಮೆಟಲ್ ನುಡಿಸುವ ಆಸೆ ಇದ್ದವರಿಗೆ ಐಬನೆಜ್ ಮತ್ತು ಜ್ಯಾಕ್ಸನ್ನಿನ ಚಪ್ಪಟೆ ಫ್ರೆಟ್‌ಬೋರ್ಡ್, ದಪ್ಪ ದನಿಯ ಹಂಬಕರ್ ಪಿಕಪ್ ಅನುಕೂಲ. ಚಿತ್ರಗೀತೆ, ಪಾಪ್, ಬ್ಲೂಸ್ ಎಲ್ಲ ಮುಟ್ಟಬೇಕೆನ್ನುವವರಿಗೆ ಬ್ರಿಡ್ಜಿನ ಬಳಿ ಒಂದು ಹಂಬಕರ್, ಉಳಿದೆಡೆ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಎರಡು ಇರುವ ಜೋಡಣೆ ಎಲ್ಲಕ್ಕೂ ಒದಗುತ್ತದೆ.

ಮೂವತ್ತರಿಂದ ಐವತ್ತು ಸಾವಿರದ ಮೆಟ್ಟಿಲಲ್ಲಿ ಪೆಸಿಫಿಕಾ 112ವಿ, ಸ್ಕ್ವಯರ್ ಕ್ಲಾಸಿಕ್ ವೈಬ್ ಸಿಗುತ್ತವೆ. ಆಲ್ನಿಕೊ ಪಿಕಪ್, ಉತ್ತಮ ಬಿರಡೆ, ಫ್ರೆಟ್ ತುದಿಗಳಿಗೆ ಕೈ ತಾಗಿದ ಗುರುತು ಇಲ್ಲಿ ಕಾಣುತ್ತವೆ. ವೇದಿಕೆಗೆ ಹತ್ತಲು ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಇದರಾಚೆಗೆ ಬೆಲೆ ಎರಡರಷ್ಟಾದರೂ ಗುಣ ಎರಡರಷ್ಟಾಗುವುದಿಲ್ಲ.

ಅಂತರರಾಷ್ಟ್ರೀಯ ಚರ್ಚೆಗಳಲ್ಲಿ ಅಗ್ಗದ ಗಿಟಾರೆಂದರೆ ಹಾರ್ಲೆ ಬೆಂಟನ್ ಎಂಬ ಹೆಸರು ಕೇಳಿಬರುತ್ತದೆ. ಅದು ಜರ್ಮನಿಯ ಟೋಮಾನ್ ಮಳಿಗೆಯ ಸ್ವಂತ ಬ್ರ್ಯಾಂಡು. ಜರ್ಮನಿ, ನೆದರ್‌ಲೆಂಡ್ಸಿನಲ್ಲಿ ಇರುವ ಕನ್ನಡಿಗರಿಗೆ ಅದು ಒಳ್ಳೆಯ ದಾರಿ. ಇಲ್ಲಿಗೆ ತರಿಸಿಕೊಂಡರೆ ಸಾಗಣೆ, ಸುಂಕ, ಜಿಎಸ್‌ಟಿ ಸೇರಿ ಅಗ್ಗದ ಹೆಚ್ಚುಗಾರಿಕೆಯೇ ಕರಗುತ್ತದೆ. ಕೆಟ್ಟು ಬಂದರೆ ವಾಪಸ್ ಕಳಿಸುವ ಪಾಡು ಬೇರೆ.

ಎಲ್ಲ ಮೆಟ್ಟಿಲಿಗೂ ಅನ್ವಯಿಸುವ ಒಂದು ಮಾತು: ಕಡಿಮೆ ಬೆಲೆಯಲ್ಲಿ ಸರಳ ಯಂತ್ರವನ್ನೇ ಆರಿಸಿ. ಫ್ಲಾಯ್ಡ್ ರೋಸ್ ಬಗೆಯ ತೂಗುವ ಬ್ರಿಡ್ಜ್ ಅಗ್ಗದ ಗಿಟಾರಿನಲ್ಲಿದ್ದರೆ ಅದರ ಅಂಚು ಮೆತ್ತನೆಯ ಲೋಹದ್ದಾಗಿ ಬೇಗ ಸವೆಯುತ್ತದೆ, ಶ್ರುತಿ ನಿಲ್ಲುವುದಿಲ್ಲ, ತಂತಿ ಬದಲಿಸುವುದೇ ಒಂದು ಸಾಹಸ. ಅಲುಗದ ಬ್ರಿಡ್ಜಿನ ಟೆಲಿ ಮಾದರಿಯಲ್ಲಿ ಕೆಡಲು ಜಾಗ ಕಡಿಮೆ. ಅಷ್ಟೇ ಬೆಲೆಯಲ್ಲಿ ಅದು ಹೆಚ್ಚು ವಾದ್ಯ ಕೊಡುತ್ತದೆ.

ಕೈಯಲ್ಲಿ ಹಿಡಿದಾಗ ನೋಡಬೇಕಾದ್ದು

ಅಂಗಡಿಯಲ್ಲಿ ಮೊದಲು ಆಂಪಿಗೆ ಜೋಡಿಸದೆ ನುಡಿಸಿ. ಆಂಪಿನ ಅಬ್ಬರ ವಾದ್ಯದ ದೋಷ ಮುಚ್ಚುತ್ತದೆ. ತಲೆಯ ಕಡೆಯಿಂದ ನೆಕ್ಕಿನುದ್ದಕ್ಕೂ ಕಣ್ಣು ಹಾಯಿಸಿ. ಸಣ್ಣ ಬಾಗು ಇದ್ದರೆ ಟ್ರಸ್ ರಾಡಿನಿಂದ ಸರಿಹೋದೀತು, ತಿರುಚಿದ್ದರೆ ಆ ಗಿಟಾರು ಬೇಡ. ದಪ್ಪ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್ಟಿನಲ್ಲಿ ಒಟ್ಟಿಗೆ ಒತ್ತಿ ನಡುವೆ, ಏಳೆಂಟನೇ ಫ್ರೆಟ್ಟಿನ ಬಳಿ, ಒಂದು ವಿಸಿಟಿಂಗ್ ಕಾರ್ಡು ತೂರುವಷ್ಟು ಸಂದಿ ಇದ್ದರೆ ಸರಿ. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ಎರಡು ಮಿಲಿಮೀಟರ್ ಸುತ್ತಮುತ್ತ ಇರಲಿ.

ಆರೂ ತಂತಿಗಳಲ್ಲಿ ಪ್ರತಿ ಫ್ರೆಟ್ಟನ್ನೂ ಒತ್ತಿ ನುಡಿಸಿ, ಎಲ್ಲಾದರೂ ಝೇಂಕರಿಸುತ್ತದೆಯೇ, ಸ್ವರ ಸಾಯುತ್ತದೆಯೇ ನೋಡಿ. ಸಣ್ಣ ತಂತಿಯನ್ನು ಹನ್ನೆರಡನೇ ಫ್ರೆಟ್ಟಿನ ಮೇಲೆ ಜಗ್ಗಿದಾಗ ದನಿ ಉಸಿರುಗಟ್ಟಿದರೆ ಫ್ರೆಟ್‌ಗಳ ಎತ್ತರ ಸಮವಿಲ್ಲ. ಅಂಗೈಯನ್ನು ನೆಕ್ಕಿನ ಅಂಚಿನಲ್ಲಿ ಎಳೆಯಿರಿ. ಫ್ರೆಟ್ ತುದಿ ಚುಚ್ಚಿದರೆ ಮರ ಒಣಗಿ ಕುಗ್ಗಿದೆ ಎಂದರ್ಥ, ಅರದಿಂದ ಉಜ್ಜಿಸಿದರೆ ಹೋಗುತ್ತದೆ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ನೆಕ್ ಒಣಗುತ್ತದೆ. ಮಳೆಗಾಲ ಬಂದಾಗ ಬಾಗು ಬದಲಾಗುತ್ತದೆ. ಊರಿನ ಹವೆಗೆ ತಕ್ಕಂತೆ ವರ್ಷಕ್ಕೊಮ್ಮೆ ತಿದ್ದಿಸುವುದು ಸಹಜ, ಅದನ್ನು ಗಿಟಾರಿನ ದೋಷವೆಂದು ಎಣಿಸಬೇಕಿಲ್ಲ.

ಆಮೇಲೆ ಆಂಪಿಗೆ ಜೋಡಿಸಿ. ಪಾಟ್‌ಗಳನ್ನು ತಿರುಗಿಸಿ, ಸ್ವಿಚ್ಚನ್ನು ಎಲ್ಲ ಸ್ಥಾನಕ್ಕೂ ತಳ್ಳಿ, ಜ್ಯಾಕನ್ನು ಮೆಲ್ಲಗೆ ಅಲುಗಿಸಿ. ಸದ್ದು ಕಡಿದು ಕಡಿದು ಬಂದರೆ ಅಲ್ಲೇ ಹೇಳಿ ಬದಲಿಸಿಕೊಳ್ಳಿ. ಬಣ್ಣದ ಮೇಲಿನ ಗೀರಿಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಅದನ್ನೇ ತೋರಿಸಿ ಬೆಲೆ ಇಳಿಸಿಕೊಳ್ಳಬಹುದು.

ಹಳೆಯದು ಕೊಳ್ಳುವವರಿಗೆ

ಅದೇ ಹಣಕ್ಕೆ ಒಂದು ಮೆಟ್ಟಿಲು ಮೇಲೇರಲು ಇರುವ ದಾರಿ ಸೆಕೆಂಡ್ ಹ್ಯಾಂಡ್. ಬೆಂಗಳೂರಿನಂಥ ಊರಿನಲ್ಲಿ ಕೆಲಸಕ್ಕೆಂದು ಬಂದು ಉತ್ಸಾಹದಿಂದ ಕೊಂಡು, ವರ್ಷದೊಳಗೆ ಊರು ಬಿಡುವವರು ಬಹಳ. ಹೆಚ್ಚು ನುಡಿಸದ ಗಿಟಾರು ಹೊಸದರ ಬೆಲೆಗಿಂತ ಸಾಕಷ್ಟು ಕಡಿಮೆಗೆ ಸಿಗುತ್ತದೆ. ಅಲ್ಲಿ ಎರಡು ಎಚ್ಚರ ಬೇಕು. ಟ್ರಸ್ ರಾಡಿನ ತಿರುಪು ಇನ್ನೂ ತಿರುಗುತ್ತದೆಯೇ, ಫ್ರೆಟ್‌ಗಳಲ್ಲಿ ತಂತಿ ಕೊರೆದ ಗುಳಿ ಆಳವಾಗಿದೆಯೇ ನೋಡಬೇಕು. ಫ್ರೆಟ್ ಬದಲಿಸುವ ಖರ್ಚು ಅಗ್ಗದ ಗಿಟಾರಿನ ಬೆಲೆಗೇ ಹತ್ತಿರವಾಗಬಹುದು. ಇನ್ನೊಂದು, ನಂಬಲಾಗದ ಬೆಲೆಗೆ ಗಿಬ್ಸನ್ ಎಂಬ ಹೆಸರು ಹೊತ್ತ ಗಿಟಾರು ಬಂದರೆ ನಂಬದಿರುವುದೇ ಲೇಸು. ನಕಲಿ ಹೆಸರಿಗೆ ಕೊಟ್ಟ ಹಣದಲ್ಲಿ ಅಸಲಿ ಯಮಾಹಾ ಬರುತ್ತದೆ, ಮತ್ತು ಮುಂದೆ ಮಾರುವಾಗ ಅದಕ್ಕೆ ಬೆಲೆಯೂ ಇರುತ್ತದೆ.

ಪೂರ್ತಿ ಹಣ ಗಿಟಾರಿಗೆ ಬೇಡ

ಮೊದಲ ಸಲ ಕೊಳ್ಳುವವರು ಇರುವ ಹಣವನ್ನೆಲ್ಲ ಗಿಟಾರಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಆಂಪ್ ಹುಡುಕುವುದುಂಟು. ಅರ್ಧ ನಾದ ಆಂಪಿನದು ಎಂಬುದನ್ನು ಮರೆತರೆ ಒಳ್ಳೆಯ ಗಿಟಾರೂ ತಗಡಿನ ದನಿ ಕೊಡುತ್ತದೆ. ಬಾಡಿಗೆ ಮನೆಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ದೊಡ್ಡ ಆಂಪ್ ಬೇಕಿಲ್ಲ. ವಾಕ್ಸ್ ಆಂಪ್‌ಪ್ಲಗ್‌ನಂಥ ಹೆಡ್‌ಫೋನ್ ಆಂಪ್, ಬಾಸ್ ಕಟಾನಾ ಮಿನಿಯಂಥ ಪುಟ್ಟ ಆಂಪ್ ಸಾಕು. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಒಂದು ಆಡಿಯೊ ಇಂಟರ್‌ಫೇಸ್ ಕೊಂಡು, ನ್ಯೂರಲ್ ಆಂಪ್ ಮಾಡೆಲರ್‌ನಂಥ ಉಚಿತ ತಂತ್ರಾಂಶ ಹಾಕಿಕೊಂಡರೆ ಲಕ್ಷಾಂತರ ಬೆಲೆಯ ಆಂಪ್‌ಗಳ ದನಿಗೆ ಹತ್ತಿರದ ದನಿ ಸಿಗುತ್ತದೆ. ಇಪ್ಪತ್ತು ವರ್ಷದ ಹಿಂದಿನ ವಿದ್ಯಾರ್ಥಿಗೆ ಇಲ್ಲದಿದ್ದ ಭಾಗ್ಯ ಇದು.

ಕೈಯಲ್ಲಿ ಇಪ್ಪತ್ತೈದು ಸಾವಿರ ಇದೆ ಎನ್ನಿ. ಹದಿನಾರು, ಹದಿನೇಳು ಸಾವಿರದ ಗಿಟಾರು, ನಾಲ್ಕೈದು ಸಾವಿರ ಆಂಪ್ ಅಥವಾ ಹೆಡ್‌ಫೋನ್ ಆಂಪಿಗೆ, ಎರಡು ಸಾವಿರ ಸೆಟಪ್ಪಿಗೆ, ಉಳಿದದ್ದು ಕೇಬಲ್, ಬೆಲ್ಟ್, ಪಿಕ್, ಒಂದು ಸೆಟ್ ಹೆಚ್ಚುವರಿ ತಂತಿಗೆ. ಟ್ಯೂನರ್ ಫೋನಿನಲ್ಲೇ ಸಿಗುತ್ತದೆ. ಎರಡು ವರ್ಷ ನುಡಿಸಿದ ಮೇಲೆ ಪಿಕಪ್ ಸಾಲದು ಎನಿಸಿದರೆ ಅದನ್ನು ಮಾತ್ರ ಬದಲಿಸಿ. ಆ ಹೊತ್ತಿಗೆ ಯಾವ ದನಿ ಬೇಕೆಂದು ನಿಮ್ಮ ಕಿವಿಗೇ ಗೊತ್ತಾಗಿರುತ್ತದೆ.

ಒಟ್ಟಿನಲ್ಲಿ ತೀರ್ಪು ಇಷ್ಟು. ಮರ, ಬಣ್ಣ, ತಲೆಯ ಮೇಲಿನ ಹೆಸರು ಈ ಮೂರಕ್ಕೆ ಹೆಚ್ಚು ತೆರಬೇಡಿ. ನೇರವಾದ ನೆಕ್, ಅಲುಗದ ಬ್ರಿಡ್ಜ್, ಒಂದರಂತೆ ಇನ್ನೊಂದನ್ನು ಮಾಡುವ ಕಾರ್ಖಾನೆ ಈ ಮೂರನ್ನು ನೋಡಿ ಕೊಳ್ಳಿ. ಕಾರ್ಖಾನೆ ಕೊಡದೆ ಬಿಟ್ಟ ಕೊನೆಯ ಎರಡು ಗಂಟೆಯ ಕೈಕೆಲಸವನ್ನು ನಿಮ್ಮೂರಿನ ಕುಶಲಿಯಿಂದ ಮಾಡಿಸಿ, ಅದರ ಕೂಲಿಯನ್ನು ಚೌಕಾಶಿ ಇಲ್ಲದೆ ಕೊಡಿ. ಕಡಿಮೆ ಬಜೆಟ್ಟಿನಲ್ಲಿ ಇದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ.